ಗರಿ ಕಟ್ಟಿಕೊಂಡ ನವಿಲು

ಕಾಡಿನ ಗಾಲ್ಫ್ ಪಂದ್ಯದಲ್ಲಿ ನವಿಲು ಎರಡು ವರ್ಷ ಗೌಜಲಹಕ್ಕಿಯ ಎದುರು ಸೋತಿತ್ತು. ಆಟಕ್ಕೂ ಅದು ಗರಿಗಳನ್ನು ತಿದ್ದಿ ತೀಡಿ ಹರಡಿಕೊಂಡೇ ಬರುತ್ತಿತ್ತು. ದಾಂಡು ಬೀಸಿದಾಗಲೆಲ್ಲ ಗರಿಗೆ ಗಾಳಿ ತುಂಬಿ ಮೈ ತಿರುಗುತ್ತಿತ್ತು, ಚೆಂಡು ಪೊದೆಗೆ ಬೀಳುತ್ತಿತ್ತು.

"ನನ್ನ ಹೊಡೆತದಲ್ಲಿ ಏನು ದೋಷ?" ಎಂದು ಅದು ಗೌಜಲಹಕ್ಕಿಯನ್ನೇ ಕೇಳಿತು.

"ಹೊಡೆತದಲ್ಲಿ ದೋಷವಿಲ್ಲ. ನೀವು ಮೆರವಣಿಗೆಯ ಉಡುಪಿನಲ್ಲಿ ಆಟಕ್ಕೆ ಬರುತ್ತೀರಿ," ಎಂದಿತು ಗೌಜಲಹಕ್ಕಿ.

ಆ ಮಾತು ನವಿಲಿಗೆ ಚುಚ್ಚಿತು. ಆದರೂ ಮೂರನೆಯ ವರ್ಷ ಅದು ಗರಿಗಳನ್ನೆಲ್ಲ ಒಟ್ಟುಗೂಡಿಸಿ ಬಾಳೆನಾರಿನಿಂದ ಬಿಗಿಯಾಗಿ ಕಟ್ಟಿಕೊಂಡಿತು. ಹೆಣ್ಣುನವಿಲು ದಾರಿಗೆ ಅಡ್ಡ ನಿಂತು, "ಪೊರಕೆಯ ಹಾಗೆ ಕಾಣುತ್ತೀರಿ. ಹೀಗೆ ನಾಲ್ಕು ಜನರ ಮುಂದೆ ಹೋಗಬೇಡಿ," ಎಂದು ಬೇಡಿಕೊಂಡಿತು.

"ಗರಿ ನೋಡುವವರು ಮೋಡ ಕವಿದ ದಿನ ಬರಲಿ. ಇವತ್ತು ನಾನು ಆಡಲು ಹೋಗುತ್ತಿದ್ದೇನೆ," ಎಂದು ನವಿಲು ಹೊರಟಿತು.

ಮೈದಾನದಲ್ಲಿ ಮಂಗಗಳು ಕಿಸಕ್ಕನೆ ನಕ್ಕವು. ನವಿಲಿಗೆ ನಾಚಿಕೆಯಾಯಿತು, ಆದರೆ ಕಾಲು ಕದಲಲಿಲ್ಲ. ಅದು ಚೆಂಡಿನ ಮೇಲೆ ಕಣ್ಣು ನೆಟ್ಟು ದಾಂಡು ಬೀಸಿತು. ಚೆಂಡು ನೆಟ್ಟಗೆ ಹಾರಿ, ಬಾವುಟದ ಬುಡದಲ್ಲಿದ್ದ ಕುಳಿಯ ಅಂಚಿನಲ್ಲಿ ನಿಂತಿತು.

ಗೌಜಲಹಕ್ಕಿ ದಾಂಡನ್ನು ಬಿಗಿಹಿಡಿದು ಮುಂದೆ ಬಂತು. "ಎರಡು ವರ್ಷ ನಾನು ಒಬ್ಬನೇ ಆಡಿದೆ. ಇವತ್ತು ಇಬ್ಬರೂ ಆಡೋಣ," ಎಂದಿತು.