ಸೋರಿದರೂ ಗೊಣಗದ ಬಾಡಿಗೆದಾರರು

ಏಳು ಹಳ್ಳ ದಾಟಿದರೆ ಸಿಗುವ ಒಂದು ಕಾಡಿನಲ್ಲಿ ದುಂಡಣ್ಣ ಎಂಬ ಕೋತಿಗೆ ಸ್ವಂತದ್ದೊಂದು ಬೂರುಗದ ಮರವಿತ್ತು. ಅಂಥ ಮರ ಸುತ್ತ ಹತ್ತು ಕಾಡಲ್ಲಿ ಇನ್ನೊಂದಿದ್ದರೆ ತೋರಿಸಿ, ನೋಡೋಣ! ತುದಿಯಲ್ಲಿ ದುಂಡಣ್ಣನ ವಾಸ. ನಡುವಿನ ಪೊಟರೆ ಬಾಡಿಗೆಗೆ. ಅಲ್ಲಿ ಚೌಡಕ್ಕ ಎಂಬ ಮರಕುಟಿಗ ಮೂರು ವರ್ಷದಿಂದ ಸಂಸಾರ ಹೂಡಿದ್ದಳು. ಬಾಡಿಗೆ ದಿನಕ್ಕೊಂದು ಬೊಗಸೆ ಹಣ್ಣು. ಒಂದು ದಿನವೂ ತಪ್ಪಿಸಿದವಳಲ್ಲ.

ಆ ವರ್ಷ ಮೇಲಿನ ಕೊಂಬೆಯೊಂದು ಮುರಿಯಿತು. ಆ ಗಾಯದಿಂದ ಪೊಟರೆಯೊಳಕ್ಕೆ ನೀರು ಜಿನುಗತೊಡಗಿತು.

"ದುಂಡಣ್ಣಾ, ಮರಿಗಳು ನೆನೀತಾವೆ. ಮೇಣ ಮೆತ್ತಿಸಿಕೊಡು. ಹಂಗೇ ಬಾಗಿಲು ಒಂಚೂರು ಅಗಲ ಮಾಡಿಸು."

ಮೇಣ ಇದ್ದದ್ದು ಕರಡಿಯ ಹತ್ತಿರ. ಅದು ಒಂದು ಉಂಡೆ ಮೇಣಕ್ಕೆ ನಾಲ್ಕು ಬೊಗಸೆ ಹಣ್ಣು ಕೇಳಿತು. ಅಷ್ಟು ಹಣ್ಣು ಬಿಚ್ಚಲು ದುಂಡಣ್ಣನಿಗೆ ಮನಸ್ಸಾಗಲಿಲ್ಲ. ಕೂಡಲೇ ಒಂದು ಕಪಟ ಹೊಳೆಯಿತು.

"ಅಲ್ಲಮ್ಮಾ, ಹಗಲೆಲ್ಲ ಕುಟ್ಟೋಳು ನೀನು. ತೂತು ಬಿದ್ದಿದ್ದು ನಿನ್ನ ಕೊಕ್ಕಿಂದ. ರಿಪೇರಿನೂ ನಿಂದೇ!"

"ಬಾಗಿಲು ಬೇಡ ಬಿಡು, ಅದು ನನ್ನ ಆಸೆ. ಸೋರೋದಾದ್ರೂ ನಿಲ್ಲಿಸು."

"ಇದ್ರೆ ಇರು, ಇಲ್ದಿದ್ರೆ ನಡಿ!"

ಚೌಡಕ್ಕ ಮರಿಗಳನ್ನು ಕರೆದುಕೊಂಡು ನಡೆದೇಬಿಟ್ಟಳು.

ಮಾರನೆಯ ದಿನವೇ ಗೆದ್ದಲಿನ ದಂಡು ಬಂತು. "ಎರಡು ಬೊಗಸೆ ಕೊಡ್ತೀವಿ ಒಡೆಯಾ."

"ಸೋರುತ್ತೆ. ಆಮೇಲೆ ಕಿರಿಕಿರಿ ಮಾಡಬಾರದು."

"ಸೋರ್ಲಿ ಬಿಡಿ! ನಮಗೆ ಅದೇ ಬೇಕು."

ದುಂಡಣ್ಣ ಮೀಸೆ ತಿರುವಿದ. ಆದರೆ ಮಳೆಗಾಲ ಕಳೆಯುವಷ್ಟರಲ್ಲಿ ಅವನಿಗೆ ಕುತೂಹಲ ತಡೆಯದಾಯಿತು. ಸೋರಿದರೂ ಗೊಣಗದ ಬಾಡಿಗೆದಾರರು ಎಲ್ಲಾದರೂ ಉಂಟೇ? ಒಳಗೆ ಮಾಡೋದಾದರೂ ಏನು? ಪೊಟರೆಗೆ ಇಣುಕಿದ. ಬರೀ ಕತ್ತಲು. ಕಾಂಡಕ್ಕೆ ಕಿವಿಯಿಟ್ಟ. ಕರ್ ಕರ್ ಕರ್! ಉಗುರಿನಿಂದ ತೊಗಟೆ ಕೆರೆದ. ಹಿಟ್ಟಿನಂಥ ಪುಡಿ ಬೊಳಬೊಳ ಸುರಿಯಿತು.

ಓಡಿಹೋಗಿ ಚೌಡಕ್ಕನನ್ನು ಕರೆತಂದ. ಅವಳು ಒಂದೇ ಒಂದು ಸಲ ಕುಟ್ಟಿ ಆಲಿಸಿದಳು.

"ಪೂರಾ ಟೊಳ್ಳು! ನಾನಿದ್ದಾಗ ಈ ಗೆದ್ದಲುಗಳೇ ನನ್ನ ಬೆಳಗಿನ ತಿಂಡಿ, ದುಂಡಣ್ಣಾ. ಒಂದನ್ನೂ ಒಳಗೆ ಬಿಟ್ಟಿರಲಿಲ್ಲ."

"ಈಗ್ಲೇ ಮೇಣ ತರ್ತೀನಿ ಅಕ್ಕಾ! ಬಾಗಿಲೂ ಅಗಲ ಮಾಡಿಸ್ತೀನಿ!"

"ಗೋಡೆನೇ ಇಲ್ಲ, ಬಾಗಿಲು ಎಲ್ಲಿಡ್ತೀಯ? ಮೊದಲು ಕೆಳಗಿಳಿ!"

ಇಬ್ಬರೂ ಆಚೆ ಸರಿದರು. ಗಾಳಿ ಬೀಸಿತು. ಹತ್ತು ಕಾಡಿಗೊಂದೇ ಮರ ಲಟಲಟ ಮುರಿದು ಮಲಗಿತು.

ಬಿದ್ದ ಕಾಂಡದಿಂದ ಗೆದ್ದಲೊಂದು ತಲೆ ಹೊರಹಾಕಿತು. "ಚಿಂತೆ ಬೇಡ ಒಡೆಯಾ, ಮಲಗಿದ ಮರ ನಮಗೆ ಇನ್ನೂ ಹಿತ."

"ಹಾಗಾದ್ರೆ ಇವತ್ತಿನ ಬಾಡಿಗೆ ತನ್ನಿ!"

"ಕಾಡಿನ ಕಟ್ಟಳೆ ಮರೆತ್ರಾ? ನಿಂತ ಮರಕ್ಕೆ ಒಡೆಯ ಇರ್ತಾನೆ. ಬಿದ್ದ ಮರ ನೆಲದ್ದು. ನಿಮ್ಮನ್ನ ಇನ್ನು ಒಡೆಯಾ ಅನ್ನೋದೂ ತಪ್ಪು!"

ನೀತಿ: ಬಾಡಿಗೆದಾರರು ಕೇಳಿದ್ದನ್ನೆಲ್ಲ ಮಾಡಿಕೊಡಬೇಕಿಲ್ಲ, ಆದರೆ ಸೋರುವ ಸೂರನ್ನು ಸರಿಪಡಿಸಲು ಜಿಪುಣತನ ಮಾಡಿ ಒಳ್ಳೆಯವರನ್ನು ಕಳಿಸಿದರೆ, ಮನೆಯೂ ಅವರ ಹಿಂದೆಯೇ ಹೋಗುತ್ತದೆ.