ಮುದ್ರೆ ಹಾಕಿದ ಮಡಕೆ

"ಗುರುಗಳೇ, ಜನರಿಗೆ ಕೇಡಾಗಬಾರದೆಂದು ಬರೆದ ಕಟ್ಟಳೆಯಿಂದ ಕೇಡಾಗುವುದುಂಟೇ?"

ಹೀಗೆ ಕೇಳಿದ ಶಿಷ್ಯನಿಗೆ ಅರಮನೆಯಲ್ಲಿ ಕೆಲಸ ಸಿಕ್ಕಿತ್ತು. ಪ್ರಜೆಗಳ ಕ್ಷೇಮಕ್ಕಾಗಿ ಕಟ್ಟಳೆಗಳನ್ನು ಬರೆಯುವ ಕೆಲಸ. ಮರುದಿನವೇ ಹೊರಡುವವನಿದ್ದ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳತೊಡಗಿದರು.

ಎರಡು ಊರುಗಳ ನಡುವೆ ಒಂದು ದಿನದ ದಾರಿ. ಬರೀ ಕಲ್ಲು ಬಯಲು. ಆ ದಾರಿಯ ನಡುಮಧ್ಯೆ ಮಾಳವ್ವ ಎಂಬ ಹೆಂಗಸು ಅರವಟ್ಟಿಗೆ ಇಟ್ಟಿದ್ದಳು. ಅವಳ ಗಂಡ ಅದೇ ದಾರಿಯಲ್ಲಿ ನೀರಿಲ್ಲದೆ ಬಿದ್ದು ಸತ್ತಿದ್ದ. ಅದಾದ ಮೇಲೆ ಅವಳು ಗುಡ್ಡದ ಹಿಂದೆ ಒಂದು ಒರತೆಯನ್ನು ಹುಡುಕಿದಳು. ದಿನವೂ ಬೆಳಗ್ಗೆ ಅಲ್ಲಿಂದ ನೀರು ಹೊತ್ತು ತಂದು, ಮರಳಿನ ಮೇಲೆ ಮಡಕೆಗಳನ್ನಿಟ್ಟು, ಹಾದು ಹೋಗುವವರ ಬೊಗಸೆಗೆ ಕರಟದ ಸೌಟಿನಿಂದ ನೀರೆರೆಯುತ್ತಿದ್ದಳು. ಹೀಗೆ ಹನ್ನೆರಡು ವರ್ಷ ನಡೆಯಿತು.

ಒಮ್ಮೆ ಒಬ್ಬ ವ್ಯಾಪಾರಿ ಅಲ್ಲಿ ನೀರು ಕುಡಿದು, ಊರು ಮುಟ್ಟಿದ ಮೇಲೆ ವಾಂತಿ ಮಾಡಿಕೊಂಡ. ಬುತ್ತಿಯ ಅನ್ನ ಹಳಸಿತ್ತು. ಆದರೆ ದೂರು ಹೋದದ್ದು ನೀರಿನ ಮೇಲೆ. ರಾಜ ಕರುಣಾಳು. ತನ್ನ ನಾಡಿನಲ್ಲಿ ನೀರು ಕುಡಿದು ಯಾರೂ ನರಳಬಾರದು ಎಂದು ಒಬ್ಬ ಅಧಿಕಾರಿಯನ್ನು ನೇಮಿಸಿದ.

ಅಧಿಕಾರಿಯೂ ಒಳ್ಳೆಯವನೇ. ಬಂದವನು ಮೊದಲು ಎರಡು ಬೊಗಸೆ ನೀರು ಕುಡಿದು, "ತಾಯಿ, ಜೀವ ಬಂದಂತಾಯಿತು" ಎಂದ. ಆಮೇಲೆ ಕಟ್ಟಳೆ ಓದಿದ. ಮಡಕೆಯ ಬಾಯಿಗೆ ಬಟ್ಟೆ ಕಟ್ಟಬೇಕು, ಒಂದು ದಿನಕ್ಕಿಂತ ಹಳೆಯ ನೀರು ಕೊಡಬಾರದು. ಮಾಳವ್ವ ಒಪ್ಪಿದಳು. ಅವಳು ಮೊದಲಿನಿಂದಲೂ ಹಾಗೆಯೇ ಮಾಡುತ್ತಿದ್ದಳು.

ಮುಂದಿನ ತಿಂಗಳು ಅವನು ಮತ್ತೆ ಬಂದ. ಒದ್ದೆ ನೆಲದಲ್ಲಿ ಯಾರಾದರೂ ಜಾರಿಯಾರೆಂದು ಮಡಕೆಗಳ ಸುತ್ತ ಬೇಲಿ ಹಾಕಿಸಿದ. ಸೌಟು ಹಲ್ಲಿಗೆ ತಗಲೀತೆಂದು ಸೌಟನ್ನು ತೆಗೆಸಿ, ಇನ್ನು ಮೇಲೆ ಕುಡಿಯುವವರು ತಮ್ಮ ಪಾತ್ರೆ ತಾವೇ ತರಬೇಕೆಂದ. ಅದರ ಮುಂದಿನ ತಿಂಗಳು, ನೀರು ಕುಡಿಯುವುದರಿಂದ ಆಗಬಹುದಾದ ಏಳು ಅಪಾಯಗಳನ್ನು ಅವಳಿಗೆ ಬಾಯಿಪಾಠ ಮಾಡಿಸಿದ. ಬೇಗ ಕುಡಿದರೆ ನೆತ್ತಿಗೇರುತ್ತದೆ, ಬೆವರಿ ಬಂದು ಕುಡಿದರೆ ನೆಗಡಿಯಾಗುತ್ತದೆ, ನಿಂತು ಕುಡಿದರೆ ತಲೆ ತಿರುಗುತ್ತದೆ, ಹೀಗೆ. ಬಂದವರಿಗೆಲ್ಲ ಏಳನ್ನೂ ಹೇಳಿ, ಅವರು ಒಪ್ಪಿದೆ ಎಂದ ಮೇಲೆಯೇ ನೀರು ಕೊಡಬೇಕು. ಕೇಳಿದವರು ಮೊದಮೊದಲು ನಕ್ಕರು. ಮಾಳವ್ವನೂ ನಕ್ಕಳು.

ಕೊನೆಗೆ ಪರೀಕ್ಷೆಯ ಕಟ್ಟಳೆ ಬಂತು. ದಿನದ ನೀರಿನಲ್ಲಿ ಒಂದು ಗಿಂಡಿಯಷ್ಟನ್ನು ರಾಜಧಾನಿಗೆ ಕಳಿಸಬೇಕು. ಅಲ್ಲಿಂದ ಒಪ್ಪಿಗೆ ಬರುವವರೆಗೆ ಮಡಕೆಗೆ ಅರಗಿನ ಮುದ್ರೆ. ಒಪ್ಪಿಗೆಗೆ ಮೊದಲೇ ಮುದ್ರೆ ಒಡೆದರೆ ಅರವಟ್ಟಿಗೆಯನ್ನೇ ಕಿತ್ತು ಹಾಕುತ್ತಾರೆ. ಮುದ್ರೆ ಹಾಕಲು, ಗಿಂಡಿ ಒಯ್ಯಲು ಕಾವಲಿನವರನ್ನೂ ಕೊಟ್ಟರು. ರಾಜಧಾನಿಗೆ ಹೋಗಿ ಬರಲು ನಾಲ್ಕು ದಿನ.

ಮಾಳವ್ವ ಕೈ ಮುಗಿದು ಕೇಳಿದಳು: "ಬುದ್ಧಿ, ಒಂದು ದಿನಕ್ಕಿಂತ ಹಳೆಯ ನೀರು ಕೊಡಬಾರದು ಅಂತ ನೀವೇ ಬರೆದಿದ್ದೀರಿ. ಒಪ್ಪಿಗೆ ಬರೋ ಹೊತ್ತಿಗೆ ನೀರಿಗೆ ನಾಲ್ಕು ದಿನ ಆಗಿರುತ್ತೆ. ನಾನು ಯಾವ ನೀರು ಕೊಡಲಿ?"

ಅಧಿಕಾರಿ ಎರಡನ್ನೂ ಮತ್ತೆ ಓದಿ ನೋಡಿದ. "ಎರಡು ಕಟ್ಟಳೆಯೂ ಸರಿಯಾಗಿಯೇ ಇವೆ, ತಾಯಿ. ಯಾವುದನ್ನು ತೆಗೆಯಲಿ, ನೀನೇ ಹೇಳು" ಎಂದ.

ಅಂದಿನಿಂದ ಮಾಳವ್ವ ದಿನವೂ ನೀರು ತಂದಳು, ಮುದ್ರೆ ಹಾಕಿಸಿದಳು, ಅವಧಿ ಮೀರಿದ ನೀರನ್ನು ಬಯಲಿಗೆ ಚೆಲ್ಲಿದಳು. ಗೊತ್ತಿದ್ದವರು ತಮ್ಮ ನೀರನ್ನು ತಾವೇ ಹೊತ್ತು ಬಂದರು. ಗೊತ್ತಿಲ್ಲದವರು ತುಂಬಿದ ಮಡಕೆಗಳನ್ನು ನೋಡಿ, ಅವಳಿಗೆ ಶಾಪ ಹಾಕಿ ಮುಂದೆ ನಡೆದರು. ಏಳು ಅಪಾಯಗಳನ್ನು ಹೇಳಿ ಹೇಳಿ ಅವಳಿಗೆ ತನ್ನ ನೀರಿನ ಮೇಲೆಯೇ ಭಯ ಹುಟ್ಟಿತ್ತು. ಒರತೆಯ ಬಳಿ ತಾನು ಕುಡಿಯುವಾಗಲೂ ಒಂದೊಂದೇ ಗುಟುಕು ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದಳು.

ಬೇಸಿಗೆ ಬಂತು. ಒಂದು ಮಧ್ಯಾಹ್ನ ಕಾವಲಿನವರು ಯಾರೂ ಇರಲಿಲ್ಲ. ಕೆಲವರು ಗಿಂಡಿಗಳೊಡನೆ ರಾಜಧಾನಿಯ ದಾರಿಯಲ್ಲಿದ್ದರು, ಉಳಿದವನು ಜ್ವರ ಬಂದು ಊರಿಗೆ ಹೋಗಿದ್ದ. ಆ ಹೊತ್ತಿಗೆ ಬಳೆಗಾರನೊಬ್ಬ ತೂರಾಡುತ್ತ ಬಂದು ಬೇಲಿಯ ಹೊರಗೆ ಕುಸಿದ. ತುಟಿ ಒಡೆದಿತ್ತು. "ಅವ್ವಾ, ನೀರು" ಎಂದ.

ಮಾಳವ್ವ ಓಡಿ ಹೋಗಿ ಮುದ್ರೆಯ ಮೇಲೆ ಕೈಯಿಟ್ಟಳು. ಕೈ ಅಲ್ಲೇ ನಿಂತಿತು. ನೀರು ನೆತ್ತಿಗೇರಿ ಇವನು ಸತ್ತರೆ? ಅರವಟ್ಟಿಗೆ ಕಿತ್ತು ಹಾಕಿದರೆ ನಾಳೆ ಬರುವವರ ಗತಿ? ಅವನು ಮತ್ತೆ ನೀರು ಎಂದ. ಏನು ಮಾಡಬೇಕೆಂದು ತಿಳಿಯದೆ ಅವಳು ಅವನ ಪಕ್ಕದಲ್ಲಿ ಕೂತು, "ಅಣ್ಣಾ, ಬೇಗ ಕುಡಿದರೆ ನೆತ್ತಿಗೇರುತ್ತದೆ" ಎಂದು ಹೇಳತೊಡಗಿದಳು. ಐದನೆಯದಕ್ಕೆ ಬಂದಾಗ ಅವನ ಕಣ್ಣು ಮೇಲೆ ಸಿಕ್ಕಿಕೊಂಡಿತು. ಆಗ ಅವಳು ಕಲ್ಲು ತೆಗೆದುಕೊಂಡು ಮುದ್ರೆಯ ಜೊತೆಗೆ ಮಡಕೆಯನ್ನೂ ಒಡೆದಳು. ಸೆರಗನ್ನು ಅದ್ದಿ ಅವನ ಬಾಯಿಗೆ ಹಿಂಡಿದಳು. ನೀರು ಒಳಗಿಳಿಯಲಿಲ್ಲ, ಕಟಬಾಯಿಂದ ಹರಿದು ಮಣ್ಣಿಗೆ ಬಿತ್ತು.

ಅಧಿಕಾರಿ ಬಂದು ಹೆಣ ನೋಡಿ ನಿಜವಾಗಿಯೂ ಅತ್ತ. ವಿಚಾರಣೆ ಮಾಡಿದ. ಸತ್ತವನು ನೀರು ಕುಡಿದಿರಲಿಲ್ಲ, ಆದ್ದರಿಂದ ನೀರಿನಿಂದ ಸತ್ತಿರಲಿಲ್ಲ. ಮುದ್ರೆ ಒಡೆದದ್ದನ್ನೂ ಮನ್ನಿಸಿ, ಮಾಳವ್ವನದು ತಪ್ಪಿಲ್ಲವೆಂದು ಬರೆದ. ಆದರೆ ನಿತ್ರಾಣಗೊಂಡವರು ಅರವಟ್ಟಿಗೆಯ ಬಳಿ ಬಂದರೆ ಇಂಥ ಅನಾಹುತ ಮತ್ತೆ ಆದೀತು. ಅದಕ್ಕೆ ಹೊಸ ಹಲಗೆ ಬರೆಸಿ ನೆಡಿಸಿದ. ಮಾಳವ್ವನಿಗೆ ಓದು ಬರುತ್ತಿರಲಿಲ್ಲ, ಕಾವಲಿನವನಿಂದ ಓದಿಸಿದಳು. 'ಬಾಯಾರಿದವರು ಇಲ್ಲಿಗೆ ಬರಕೂಡದು' ಎಂದಿತ್ತು.

ಅವಳು ಅರವಟ್ಟಿಗೆ ಬಿಟ್ಟು ಹೋಗಲಿಲ್ಲ. ಈಗಲೂ ದಿನವೂ ನೀರು ತರುತ್ತಾಳೆ, ದಿನವೂ ಚೆಲ್ಲುತ್ತಾಳೆ.

ಗುರುಗಳು ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿ ಒಂದೊಂದೇ ಕಟ್ಟಳೆಯನ್ನು ಮನಸ್ಸಿನಲ್ಲಿ ತೂಗಿ ನೋಡಿದ. ಆಮೇಲೆ, "ಇಷ್ಟರಲ್ಲಿ ಬಳೆಗಾರನನ್ನು ಕೊಂದ ಕಟ್ಟಳೆ ಯಾವುದು, ಗುರುಗಳೇ? ಅದೊಂದನ್ನು ನಾನು ಬರೆಯುವುದಿಲ್ಲ" ಎಂದ.

ಗುರುಗಳು ಹೇಳಿದರು: "ಆ ಮಧ್ಯಾಹ್ನ ಅವಳನ್ನು ತಡೆಯಲು ಅಲ್ಲಿ ಯಾರೂ ಇರಲಿಲ್ಲ. ಆದರೂ ಅವಳ ಕೈ ನಿಂತಿತು."