ಬರಿಯ ಪರದೆ

"ಗುರುಗಳೇ, ಸೆನ್ಸಾರಿನವರು ನನ್ನ ಚಿತ್ರಕ್ಕೆ ಕತ್ತರಿ ಹಾಕಿದ್ದೇ ನನ್ನ ಭಾಗ್ಯವಲ್ಲವೇ?" ಶಿಷ್ಯ ಏದುಸಿರು ಬಿಡುತ್ತ ಬಂದು ಕೇಳಿದ. "ನಿನ್ನೆಯವರೆಗೆ ನಮ್ಮ ಬೀದಿಯವರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಇವತ್ತು ಪತ್ರಿಕೆಗಳಲ್ಲೆಲ್ಲ ನಾನೇ! ನಿರ್ಮಾಪಕರು ತಾವಾಗಿಯೇ ಬರುತ್ತಿದ್ದಾರೆ. ಮುಂದಿನ ಚಿತ್ರವನ್ನೂ ಕತ್ತರಿ ಬೀಳುವ ಹಾಗೆಯೇ ತೆಗೆಯುತ್ತೇನೆ."

"ಕುಣಿದದ್ದು ಸಾಕು, ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಒಬ್ಬ ತೊಗಲುಗೊಂಬೆ ಆಡಿಸುವವನಿದ್ದ. ಅವನ ಆಟದಲ್ಲಿ ಒಬ್ಬ ಮುದುಕಿ ಅರಸನೆದುರು ನಿಂತು, ಅರಮನೆಯವರು ಮುಚ್ಚಿಸಿದ ತನ್ನ ಕೇರಿಯ ಬಾವಿಯನ್ನು ಮರಳಿ ಕೇಳುತ್ತಿದ್ದಳು. ಅದು ನಿಜವಾಗಿ ನಡೆದ ಸಂಗತಿ. ಆ ಕೇರಿಯ ಹೆಂಗಸರು ಮುಂದೆ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಒಂದು ದಿನ ಅರಮನೆಯ ಅಧಿಕಾರಿ ಬಂದು, ಮುದುಕಿ ಪರದೆಯ ಮೇಲೆ ಬರಕೂಡದು ಎಂದು ಅಪ್ಪಣೆ ಮಾಡಿದ.

ಆಟಗಾರ ಮುದುಕಿಯನ್ನು ಪೆಟ್ಟಿಗೆಯಲ್ಲಿಟ್ಟ. ಆದರೆ ಅವಳ ಸರದಿ ಬಂದಾಗ ದೀಪ ಉರಿಯಿತು, ಮದ್ದಳೆ ನುಡಿಯಿತು, ಪರದೆ ಬರಿದಾಗಿಯೇ ಇತ್ತು. ಕೇರಿಯವರಿಗೆ ತಿಳಿಯಿತು. "ಬಾವಿ! ಬಾವಿ!" ಎಂದು ಕೂಗಿದರು. ಎಂಥ ಕೂಗು! ನಾನಿದ್ದಿದ್ದರೆ ನಾನೂ ಕೂಗುತ್ತಿದ್ದೆ.

ಸುದ್ದಿ ಹಬ್ಬಿ ದೂರದ ಊರುಗಳಿಂದ ಕರೆ ಬಂತು. ಅಲ್ಲಿಯವರಿಗೆ ಬಾವಿಯೂ ಗೊತ್ತಿಲ್ಲ, ಮುದುಕಿಯೂ ಗೊತ್ತಿಲ್ಲ. ಬರಿಯ ಪರದೆಗೇ ಚಪ್ಪಾಳೆ ತಟ್ಟಿದರು. ಆಟಗಾರ ಉಬ್ಬಿಹೋದ. ಒಂದೊಂದಾಗಿ ಉಳಿದ ಗೊಂಬೆಗಳನ್ನೂ ಪೆಟ್ಟಿಗೆಗೆ ಸೇರಿಸಿದ. ತೊಗಲಿಗೆ ಆಗಾಗ ಗಾಳಿಯಾಡಿಸಿ ಎಣ್ಣೆ ಸವರಬೇಕು, ಅದನ್ನೂ ಮರೆತ.

ಹೊಸ ಅರಸ ಪಟ್ಟಕ್ಕೆ ಬಂದ. "ಆ ಮುದುಕಿಯ ಆಟ ನನ್ನೆದುರೇ ಆಗಲಿ. ಅವಳು ಕೇಳುವುದು ನ್ಯಾಯವಾದರೆ ಕೊಡುತ್ತೇನೆ," ಎಂದ. ಕೇರಿಗೆ ಕೇರಿಯೇ ಓಡೋಡಿ ಬಂತು. ಆಟಗಾರ ಪೆಟ್ಟಿಗೆ ತೆರೆದ. ಮುದುಕಿ ಸುರುಟಿಕೊಂಡಿದ್ದಳು, ಬಿಡಿಸಹೋದರೆ ಮುರಿದಳು. ಅವಳ ಮಾತೂ ಅವನಿಗೆ ನೆನಪಾಗಲಿಲ್ಲ. ಬೇರೆ ದಾರಿ ಕಾಣದೆ ದೀಪ ಹಚ್ಚಿ ಬರಿಯ ಪರದೆಯನ್ನೇ ತೋರಿಸಿದ.

ಮುಂದೆ ಕೂತ ಹೆಂಗಸೊಬ್ಬಳು ಎದ್ದಳು. "ನಮ್ಮ ಮಾತ ನಿನ್ನ ಕೈಯಾಗ ಕೊಟ್ಟಿದ್ವಲ್ಲೋ ಯಣ್ಣಾ, ಎಲ್ಲಿ ಕಳಕೊಂಡಿ?" ಎಂದಳು. ಉತ್ತರಕ್ಕೆ ಕಾಯದೆ ತಾನೇ ಅರಸನೆದುರು ನಿಂತು ಬಾವಿಯನ್ನು ಕೇಳಿದಳು. ಅರಸ ಕೊಟ್ಟ. ಜನ ಹಾರೆ ಗುದ್ದಲಿ ಹಿಡಿದು, ಹಾಡುತ್ತ ಕುಣಿಯುತ್ತ ಬಾವಿಯತ್ತ ಓಡಿದರು. ಆಟಗಾರನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಶಿಷ್ಯ ಏನೋ ಹೇಳಹೊರಟ. ಗುರುಗಳು ತಡೆದು ಕೇಳಿದರು: "ಬಂದಾಗಿನಿಂದ ಕತ್ತರಿಯ ಮಾತೇ ಆಯಿತಲ್ಲ ಮಗು, ಕತ್ತರಿಸಿದ ಆ ದೃಶ್ಯದಲ್ಲಿ ಏನಿತ್ತು?"